ಪ್ಲೇಟಿಗೆ ಆತುರವಿಲ್ಲ, ಕ್ಯಾಸೆಟ್ಟಿಗೆ ಇದೆ

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ತಾತ ಮದುವೆ, ಹಬ್ಬ, ಜಾತ್ರೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಈಚೆಗೆ ಹಳೆಯ ಮನೆ ಕೆಡವುವಾಗ ಅಟ್ಟದ ಮೇಲೆ ಅವರ ಟ್ರಂಕು ಸಿಕ್ಕಿತು. ಅದರಲ್ಲಿ ನಲವತ್ತರಷ್ಟು ಗ್ರಾಮಾಫೋನ್ ಪ್ಲೇಟುಗಳು, ಹತ್ತು ಹನ್ನೆರಡು ಎಲ್‌ಪಿಗಳು (ಹೆಚ್ಚು ಹೊತ್ತು ಓಡುವ ಪ್ಲೇಟುಗಳು), ಎರಡು ರಟ್ಟಿನ ಡಬ್ಬಿಗಳ ತುಂಬ ಕ್ಯಾಸೆಟ್ಟುಗಳು ಇವೆ. ಕೆಲವು ಕ್ಯಾಸೆಟ್ಟುಗಳಲ್ಲಿ ನಮ್ಮಜ್ಜಿ ಮತ್ತು ಅವರ ಜೊತೆಯವರು ಹಾಡಿದ ಸೋಬಾನೆ ಪದಗಳಿವೆ ಎಂದು ಅಪ್ಪ ಹೇಳುತ್ತಾರೆ. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮಗ, ಪ್ಲೇಟುಗಳಿಗೆ ಈಗ ಮತ್ತೆ ಕಾಲ ಬಂದಿದೆ, ಒಂದು ಹೊಸ ಪ್ಲೇಯರ್ ತರಿಸೋಣ ಎನ್ನುತ್ತಿದ್ದಾನೆ. ಪ್ಲೇಟಿನ ಧ್ವನಿ ಮೊಬೈಲಿಗಿಂತ ಚೆನ್ನ ಎಂಬುದು ನಿಜವೇ? ಈ ಹೊಸ ಒಲವು ಉಳಿಯುವಂಥದ್ದೇ? ಟ್ರಂಕನ್ನು ಏನು ಮಾಡಬೇಕು?

ಉತ್ತರ: ನೀವು ಕೇಳಿದ ಮೂರು ಪ್ರಶ್ನೆಗಳಲ್ಲಿ ಕೊನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಉಳಿದೆರಡು ಕಾಯಬಲ್ಲವು, ಅದು ಕಾಯಲಾರದು. ಪ್ಲೇಯರ್ ಕೊಳ್ಳುವುದನ್ನು ಸದ್ಯಕ್ಕೆ ಬದಿಗಿಡಿ. ಅಜ್ಜಿಯ ದನಿ ಇರುವ ಕ್ಯಾಸೆಟ್ಟುಗಳನ್ನು ಮೊದಲು ಬೇರೆ ಮಾಡಿ, ಯಾವ ಯಂತ್ರಕ್ಕೂ ಹಾಕದೆ, ಮನೆಯ ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ತಾತನ ಪ್ಲೇಟುಗಳಲ್ಲಿ ಇರುವುದು ಬಹುಮಟ್ಟಿಗೆ ಚಲನಚಿತ್ರ ಗೀತೆ, ನಾಟಕದ ಹಾಡು, ಭಕ್ತಿಗೀತೆ ಇರಬೇಕು. ಮೈಕ್ ಸೆಟ್ಟಿನವರ ಬಳಿ ಇರುತ್ತಿದ್ದುದು ಅವೇ. ಅವುಗಳ ಪ್ರತಿಗಳು ನಾಡಿನ ನೂರಾರು ಮನೆಗಳಲ್ಲಿ, ಸಂಗ್ರಹಕಾರರ ಕಪಾಟುಗಳಲ್ಲಿ ಇದ್ದೇ ಇರುತ್ತವೆ. ಮೇಲಾಗಿ ಪ್ಲೇಟಿನಲ್ಲಿ ಧ್ವನಿ ಎಂಬುದು ಕಣ್ಣಿಗೆ ಕಾಣುವ, ಉಗುರಿಗೆ ತಾಗುವ ಗೆರೆ. ಒಡೆಯದಂತೆ, ಸೊಟ್ಟಗಾಗದಂತೆ ನೋಡಿಕೊಂಡರೆ ಅದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೆಯೇ ಇರುತ್ತದೆ. ಕ್ಯಾಸೆಟ್ಟಿನ ಕಥೆ ಬೇರೆ. ಕೂದಲಿನಷ್ಟೂ ದಪ್ಪವಿಲ್ಲದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಕೂರಿಸಿದ ಕಬ್ಬಿಣದ ಆಕ್ಸೈಡಿನ ಕಣಗಳಲ್ಲಿ ನಿಮ್ಮಜ್ಜಿಯ ದನಿ ಕಾಂತಶಕ್ತಿಯಾಗಿ ಕೂತಿದೆ. ಆ ಅಂಟು ಮುಪ್ಪಾಗುತ್ತಿದೆ, ಮತ್ತು ಜಗತ್ತಿನಲ್ಲಿ ಅದರ ಪ್ರತಿ ಅದೊಂದೇ.

ಇನ್ನು ಮಗನ ಮಾತಿಗೆ ಬರೋಣ. ಅವನು ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ 2022ರಲ್ಲಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಪ್ಲೇಟುಗಳು ಸುಮಾರು 4 ಕೋಟಿ 10 ಲಕ್ಷ ಮಾರಾಟವಾದವು, ಸಿಡಿಗಳು ಸುಮಾರು 3 ಕೋಟಿ 30 ಲಕ್ಷ. ಎಣಿಕೆಯಲ್ಲಿ ಪ್ಲೇಟು ಸಿಡಿಯನ್ನು ಹಿಂದಿಕ್ಕಿದ್ದು 1987ರ ನಂತರ ಅದೇ ಮೊದಲು. 2010ರಲ್ಲಿ ತಯಾರಿಕೆ ನಿಲ್ಲಿಸಿದ್ದ ಟೆಕ್ನಿಕ್ಸ್ ಕಂಪನಿಯ ಹೆಸರಾಂತ ಎಸ್‌ಎಲ್-1200 ಟರ್ನ್‌ಟೇಬಲ್ (ಪ್ಲೇಟು ತಿರುಗಿಸುವ ಯಂತ್ರ) 2016ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿತು. ಆದರೆ ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು: ಅದೇ ದೇಶದಲ್ಲಿ ಧ್ವನಿಮುದ್ರಿತ ಸಂಗೀತದ ಆದಾಯದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಬರುವುದು ಸ್ಟ್ರೀಮಿಂಗಿನಿಂದ, ಅಂದರೆ ಇಂಟರ್ನೆಟ್ಟಿನಲ್ಲೇ ಹಾಡು ಕೇಳುವುದರಿಂದ. ಪ್ಲೇಟು ಗೆದ್ದದ್ದು ಸಿಡಿಯ ಎದುರಿಗೆ, ಮೊಬೈಲಿನ ಎದುರಿಗಲ್ಲ. ಹಾಗೆಯೇ ಈ ಉದ್ಯಮದ ಬೇರು ಎಷ್ಟು ತೆಳ್ಳಗಿದೆ ಎಂಬುದಕ್ಕೆ ಒಂದು ಘಟನೆ ಸಾಕು. ಪ್ಲೇಟಿನ ಅಚ್ಚು ತಯಾರಿಸಲು ಮೊದಲು ಗೆರೆ ಕೊರೆಯುವ ಲ್ಯಾಕರ್ ತಟ್ಟೆಗಳನ್ನು ಇಡೀ ಜಗತ್ತಿಗೆ ಒದಗಿಸುತ್ತಿದ್ದ ಮುಖ್ಯ ಕಾರ್ಖಾನೆಗಳು ಎರಡೇ; ಅವುಗಳಲ್ಲಿ ಕ್ಯಾಲಿಫೋರ್ನಿಯಾದ ಕಾರ್ಖಾನೆ 2020ರ ಫೆಬ್ರವರಿಯಲ್ಲಿ ಬೆಂಕಿಗೆ ಆಹುತಿಯಾದಾಗ ಉಳಿದದ್ದು ಜಪಾನಿನ ಒಂದು. ಇಂಥ ಒಲವು ಪೂರ್ತಿ ಆರಿಹೋಗುವುದಿಲ್ಲ ಎಂದೇ ನನ್ನ ಅಭಿಪ್ರಾಯ, ಆದರೆ ಅದು ಮತ್ತೆ ಮನೆಮನೆಯ ಮಾತಾಗುವುದೂ ಇಲ್ಲ.

ಹಾಗಾದರೆ ಕೊನೆಗೆ ಉಳಿಯುವುದು ಏನು ಎಂಬುದಕ್ಕೆ ನಮ್ಮ ಮೈಸೂರಿನಲ್ಲೇ ಒಂದು ಹಳೆಯ ಉತ್ತರವಿದೆ. ಜಯಚಾಮರಾಜೇಂದ್ರ ಒಡೆಯರು ಪಾಶ್ಚಾತ್ಯ ಸಂಗೀತದ ಪ್ಲೇಟುಗಳ ಬಹು ದೊಡ್ಡ ಸಂಗ್ರಾಹಕರಾಗಿದ್ದರು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಡ್ಟ್‌ನರ್ ಲಂಡನ್ನಿನಲ್ಲಿ ಮುಪ್ಪು, ಕಾಯಿಲೆ, ಜನರ ಮರೆವಿನ ನಡುವೆ ದಿನ ದೂಡುತ್ತಿದ್ದಾಗ, ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸುವ ವೆಚ್ಚವನ್ನು ಮಹಾರಾಜರು ವಹಿಸಿಕೊಂಡರು. 1947ರಿಂದ ಎಚ್‌ಎಂವಿ ಎಂಬ ಪ್ಲೇಟು ಕಂಪನಿ ಆ ಮುದ್ರಣಗಳನ್ನು ಮಾಡಿತು. ಆಗ ಮಹಾರಾಜರಿಗೆ ಮೂವತ್ತು ತುಂಬಿರಲಿಲ್ಲ. ಮೆಡ್ಟ್‌ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದದ ಕೃತಿ) ಮೈಸೂರು ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು. ಇಂದು ಜಗತ್ತಿನ ಯಾವುದೇ ಮೂಲೆಯ ಪಿಯಾನೊ ವಿದ್ಯಾರ್ಥಿ ಮೆಡ್ಟ್‌ನರ್ ಬೆರಳಿನಿಂದ ಮೆಡ್ಟ್‌ನರ್ ಸಂಗೀತ ಕೇಳಬೇಕೆಂದರೆ ಬಹುಮಟ್ಟಿಗೆ ಆ ಮುದ್ರಣಗಳಿಗೇ ಬರಬೇಕು. ಅವನು ಅದನ್ನು ಕೇಳುವುದು ಬಹುಶಃ ಮೊಬೈಲಿನಲ್ಲಿ, ಅರಗಿನ ತಟ್ಟೆಯಲ್ಲಲ್ಲ. ತಟ್ಟೆ ಹಳತಾಯಿತು, ಆದರೆ ಆ ಹೊತ್ತಿಗೆ ಯಾರೋ ಒಬ್ಬರು ಮನಸ್ಸು ಮಾಡಿ ಹಿಡಿದಿಟ್ಟದ್ದು ಉಳಿಯಿತು. ಟ್ರಂಕಿನ ಎದುರು ಕೂತಾಗ ನಿಮ್ಮ ಗಮನವೂ ಮೊದಲು ಅಲ್ಲಿಗೆ ಹೋಗಲಿ ಎಂಬುದೇ ನನ್ನ ಕೋರಿಕೆ.

ಧ್ವನಿಯ ಗುಣದ ವಿಷಯದಲ್ಲಿ ಅಂಗಡಿಯವರು ಹೇಳುವುದಕ್ಕೂ ವಿಜ್ಞಾನ ಹೇಳುವುದಕ್ಕೂ ವ್ಯತ್ಯಾಸವಿದೆ. 1982ರಲ್ಲಿ ಬಂದ ಸಿಡಿ ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದಿಡುತ್ತದೆ. ಮನುಷ್ಯನ ಕಿವಿ ಕೇಳಬಲ್ಲ ಸುಮಾರು 20,000 ಹರ್ಟ್ಸ್‌ವರೆಗಿನ ಎಲ್ಲವನ್ನೂ ಮರಳಿ ಕೊಡಲು ಅಷ್ಟು ಸಾಕು. ಅತಿ ಮೆಲ್ಲನೆಯ ಮತ್ತು ಅತಿ ಜೋರಾದ ಧ್ವನಿಗಳ ನಡುವಿನ ಅಂತರ ಸಿಡಿಯಲ್ಲಿ ಸುಮಾರು 96 ಡೆಸಿಬೆಲ್, ಒಳ್ಳೆಯ ವಿನೈಲ್ ಪ್ಲೇಟಿನಲ್ಲಿ 60ರಿಂದ 70. ಪ್ಲೇಟಿಗೆ ಇನ್ನೂ ಒಂದು ಹುಟ್ಟುಗುಣವಿದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ಒಂದೇ ವೇಗದಲ್ಲಿ ತಿರುಗುತ್ತದೆ, ಆದರೆ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ 50 ಸೆಂಟಿಮೀಟರಿನಷ್ಟು ಗೆರೆ ಹಾದುಹೋದರೆ, ಒಳಗಿನ ಕೊನೆಯ ಸುತ್ತಿನಲ್ಲಿ ಹಾದುಹೋಗುವುದು ಸುಮಾರು 21 ಸೆಂಟಿಮೀಟರ್ ಮಾತ್ರ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇರುಕಿಕೊಳ್ಳಬೇಕು. ಹಾಗಾಗಿ ಪ್ರತಿ ಮಗ್ಗುಲಿನ ಕೊನೆಯ ಹಾಡಿನಲ್ಲಿ ಸ, ಶ, ಚ ಅಕ್ಷರಗಳು ಒಡೆದಂತೆ ಕೇಳಿಸುತ್ತವೆ. ಅಳತೆಯ ಮಾತಾದರೆ ಡಿಜಿಟಲ್ ಮುಂದಿದೆ, ಅದರಲ್ಲಿ ಅನುಮಾನವಿಲ್ಲ.

ಆದರೂ ನನ್ನ ಕೋಣೆಯಲ್ಲಿ ಪ್ಲೇಟು ಕೇಳಿ ಕಣ್ಣು ತುಂಬಿಕೊಂಡವರನ್ನು ನಾನು ಕಂಡಿದ್ದೇನೆ, ಅವರು ಭ್ರಮೆಗೆ ಒಳಗಾಗಿದ್ದರೆಂದು ಹೇಳಲಾರೆ. 1990ರ ದಶಕದ ನಂತರದ ಅನೇಕ ಸಿಡಿಗಳನ್ನೂ ಮೊಬೈಲ್ ಆವೃತ್ತಿಗಳನ್ನೂ ಜೋರಾಗಿ ಕೇಳಿಸಬೇಕೆಂಬ ಪೈಪೋಟಿಯಲ್ಲಿ ಹಿಂಡಿ, ಏರಿಳಿತ ಸವರಿ ಚಪ್ಪಟೆ ಮಾಡಲಾಗಿದೆ. ಅದೇ ಹಾಡಿನ ಹಳೆಯ ಪ್ಲೇಟಿನಲ್ಲಿ ಮೃದಂಗದ ಪೆಟ್ಟಿಗೂ ಅದರ ಹಿಂದಿನ ಮೌನಕ್ಕೂ ನಡುವೆ ಉಸಿರಾಡುವಷ್ಟು ಜಾಗವಿರುತ್ತದೆ. ಅದು ಪ್ಲೇಟಿನ ಮಹಿಮೆಗಿಂತ ಅಂದು ಮುದ್ರಣ ಮಾಡಿದವರ ಸಂಯಮದ ಫಲ. ಜೊತೆಗೆ ಪ್ಲೇಟು ನಮ್ಮನ್ನು ಕೂರಿಸುತ್ತದೆ. ಎದ್ದು ಹೋಗಿ ಮುಳ್ಳು ಇಡಬೇಕು, ಇಪ್ಪತ್ತು ನಿಮಿಷಕ್ಕೆ ಮಗ್ಗುಲು ತಿರುಗಿಸಬೇಕು. ಪಲ್ಲವಿ ಮುಗಿಯುವ ಮೊದಲೇ ಬೆರಳಿನಿಂದ ಮುಂದಿನ ಹಾಡಿಗೆ ಜಾರುವ ಅಭ್ಯಾಸವಾಗಿರುವ ನಿಮ್ಮ ಮಗನ ವಯಸ್ಸಿನವರಿಗೆ ಈ ಕಟ್ಟುಪಾಡೇ ಸುಖವಾಗಿ ಕಾಣುತ್ತಿದ್ದರೆ ಅದು ನನಗೆ ಸಂತೋಷದ ಸಂಗತಿ.

ಈಗ ಟ್ರಂಕಿನ ಪ್ಲೇಟುಗಳು. ಭಾರವಾಗಿ, ಬೆರಳಿನಿಂದ ತಟ್ಟಿದರೆ ಹಂಚಿನಂತೆ ಸದ್ದು ಮಾಡುವಂಥವು ನಿಮಿಷಕ್ಕೆ 78 ಸುತ್ತಿನವು. ಅವು ಅರಗಿನಿಂದ ಮಾಡಿದವು. ನಮ್ಮದೇ ದೇಶದ ಕಾಡಿನ ಮರಗಳ ಮೇಲೆ ಅರಗಿನ ಹುಳು ಸ್ರವಿಸಿದ್ದೇ ಒಂದು ಕಾಲಕ್ಕೆ ಇಡೀ ಜಗತ್ತಿನ ಸಂಗೀತಕ್ಕೆ ಒಡಲಾಗಿತ್ತು. ಹಗುರವಾಗಿ ಬಳುಕುವಂಥವು ವಿನೈಲಿನವು. ಈ ಎರಡನ್ನೂ ಮೊದಲು ಬೇರೆ ಬೇರೆ ಮಾಡಿ, ಏಕೆಂದರೆ ಎರಡಕ್ಕೂ ಒಂದೇ ಉಪಚಾರ ಸಲ್ಲದು. ವಿನೈಲಿಗೆ ಬಟ್ಟಿ ಇಳಿಸಿದ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ ಒರೆಸಬಹುದು, ಆದರೆ ಅರಗಿನ ಪ್ಲೇಟಿಗೆ ಆಲ್ಕೊಹಾಲ್ ಸೋಕಿಸಿದರೆ ಅರಗೇ ಕರಗಿ ಹಾಡು ಅಳಿಸಿಹೋಗುತ್ತದೆ. ಅದಕ್ಕೆ ಬಟ್ಟಿ ಇಳಿಸಿದ ನೀರು, ಒಂದು ಹನಿ ಮೆದು ಸೋಪು, ಮೆತ್ತನೆಯ ಬಟ್ಟೆ ಸಾಕು. ಗೆರೆ ಇರುವ ದಿಕ್ಕಿನಲ್ಲೇ ಒರೆಸಿ, ನಡುವಿನ ಕಾಗದದ ಲೇಬಲ್ ತೋಯದಂತೆ ನೋಡಿಕೊಳ್ಳಿ, ಕೂಡಲೇ ಒಣಗಿಸಿ. ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನಿಲ್ಲಿಸಿಡಿ.

ಮೈಕ್ ಸೆಟ್ಟಿನಲ್ಲಿ ದುಡಿದ ಪ್ಲೇಟುಗಳೆಂದರೆ ಸವೆದ ಪ್ಲೇಟುಗಳು ಎಂಬುದನ್ನೂ ತಿಳಿದಿರಿ. ಹಳೆಯ ಉಕ್ಕಿನ ಮುಳ್ಳನ್ನು ಒಂದು ಮಗ್ಗುಲಿಗೆ ಒಂದರಂತೆ ಬದಲಿಸಬೇಕಿತ್ತು, ಅದಕ್ಕಾಗಿಯೇ ಪುಟ್ಟ ತಗಡಿನ ಡಬ್ಬಿಗಳಲ್ಲಿ ಮುಳ್ಳುಗಳು ಬರುತ್ತಿದ್ದವು. ಆದರೆ ಮದುವೆಯ ಗಲಾಟೆಯಲ್ಲಿ, ಜನರೇಟರಿನ ಸದ್ದಿನ ನಡುವೆ, ಅಷ್ಟು ನಿಷ್ಠೆಯಿಂದ ಬದಲಿಸಲು ಯಾರಿಗೆ ಬಿಡುವಿರುತ್ತಿತ್ತು? ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಪ್ಪಗೆ ಮಿನುಗುವ ಕಡೆ ಗೆರೆ ಗಟ್ಟಿಯಾಗಿದೆ, ಬೂದಿ ಬಳಿದಂತೆ ಮಂಕಾಗಿರುವ ಕಡೆ ಸವೆದಿದೆ. ನಿಮ್ಮ ಊರಿನ ಯಾವ ಹಾಡನ್ನು ಜನ ಮತ್ತೆ ಮತ್ತೆ ಕೇಳಿ ಹಾಕಿಸಿದ್ದರು ಎಂಬುದು ಆ ಮಂಕಿನಲ್ಲೇ ಗೊತ್ತಾಗುತ್ತದೆ. ಮಾರಿದರೆ ಅಂಥ ಪ್ಲೇಟಿಗೆ ಹೆಚ್ಚು ಬೆಲೆ ಬರುವುದಿಲ್ಲ, ಆದ್ದರಿಂದ ಅವನ್ನು ಮಾರುವ ಯೋಚನೆ ಇದ್ದರೆ ಬಿಟ್ಟುಬಿಡುವುದೇ ಲೇಸು.

ಮಗ ಪ್ಲೇಯರ್ ಕೊಳ್ಳಲೇಬೇಕೆಂದರೆ ಅಡ್ಡಿಯಿಲ್ಲ, ಸೂಟ್‌ಕೇಸಿನ ಆಕಾರದ ಅಗ್ಗದ ಪ್ಲೇಯರ್ ಮಾತ್ರ ಬೇಡ. ಅವುಗಳ ಮುಳ್ಳು ಐದಾರು ಗ್ರಾಂ ಭಾರ ಹೇರುತ್ತದೆ. ಒಳ್ಳೆಯ ಟರ್ನ್‌ಟೇಬಲಿನಲ್ಲಿ ಈ ಭಾರ ಎರಡು ಗ್ರಾಂ ಆಸುಪಾಸು. ಮೂರು ವೇಗಗಳಿವೆ, 78ನ್ನೂ ನುಡಿಸುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಅದರಲ್ಲಿರುವುದು ಎಲ್‌ಪಿಯ ಸಣ್ಣ ಮುಳ್ಳು. 78ರ ಗೆರೆ ಅಗಲ, ಅದಕ್ಕೆ ಎಲ್‌ಪಿ ಮುಳ್ಳಿನ ಸುಮಾರು ನಾಲ್ಕು ಪಟ್ಟು ದಪ್ಪದ ಮೊನೆ ಬೇಕು, ಇಲ್ಲವಾದರೆ ಮುಳ್ಳು ಗೆರೆಯ ತಳದ ಕೊಳೆಯಲ್ಲಿ ಹೊರಳಾಡುತ್ತದೆ. ಇದಕ್ಕೆ ತದ್ವಿರುದ್ಧವಾದ ತಪ್ಪು ಇನ್ನೂ ದೊಡ್ಡದು: ತಾತನ ಕೀ ಕೊಡುವ ಗ್ರಾಮಾಫೋನ್ ಸಿಕ್ಕರೆ ಅದರ ಮೇಲೆ ಎಲ್‌ಪಿ ಇಡಲೇಬೇಡಿ, ನೂರು ಗ್ರಾಂಗೂ ಮೀರಿದ ಅದರ ಭಾರಕ್ಕೆ ಒಂದೇ ಸಲಕ್ಕೆ ಎಲ್‌ಪಿ ಹಾಳಾಗುತ್ತದೆ.

ಕ್ಯಾಸೆಟ್ಟುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ಟನ್ನು ಹೊರತಂದಾಗ ಅದನ್ನು ಮುಖ್ಯವಾಗಿ ಮಾತು ಮುದ್ರಿಸುವ ಸಾಧನವೆಂದೇ ತಿಳಿಯಲಾಗಿತ್ತು. ನಮ್ಮಲ್ಲಿ ಅದು ಬೇರೆಯೇ ಕೆಲಸ ಮಾಡಿತು. ಪ್ಲೇಟು ಮಾಡಲು ಕಂಪನಿ ಬೇಕು, ಸ್ಟುಡಿಯೊ ಬೇಕು, ಕಾರ್ಖಾನೆ ಬೇಕು. ಯಾರ ಹಾಡು ಪ್ಲೇಟಾಗಬೇಕೆಂದು ಬೇರೆ ಯಾರೋ ತೀರ್ಮಾನಿಸುತ್ತಿದ್ದರು. ಕ್ಯಾಸೆಟ್ಟಿಗೆ ಕೆಂಪು ಗುಂಡಿ ಒತ್ತಿದರೆ ಮುಗಿಯಿತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಕ್ಯಾಸೆಟ್ಟು ಮಧ್ಯಮ ವರ್ಗದ ಮನೆಗಳಿಗೆ ಭಾವಗೀತೆಯನ್ನು ತಂದಂತೆಯೇ, ಟೂ-ಇನ್-ಒನ್ ಟೇಪ್ ರೆಕಾರ್ಡರ್ ಕೊಂಡ ಹಳ್ಳಿಯ ಮನೆಗಳಲ್ಲಿ ಜನ ತಮ್ಮವರ ದನಿಯನ್ನು ತಾವೇ ಹಿಡಿದಿಟ್ಟುಕೊಂಡರು. ಮಂಡ್ಯ ಸೀಮೆಯ ಎಷ್ಟು ಸೋಬಾನೆ, ಎಷ್ಟು ಕಂಸಾಳೆಯ ಪದ, ಎಷ್ಟು ಹರಿಕಥೆ ಹೀಗೆ ಯಾರ ಪಟ್ಟಿಯಲ್ಲೂ ಇಲ್ಲದೆ ಅಟ್ಟಗಳ ಮೇಲೆ ಮಲಗಿವೆಯೋ ಎಂದು ನೆನೆದಾಗ ನನಗೆ ನಿದ್ದೆ ಬರುವುದಿಲ್ಲ.

ಮೊದಲ ಕೆಲಸ, ಪ್ರತಿ ಕ್ಯಾಸೆಟ್ಟಿನ ಬೆನ್ನಿನ ಎರಡು ತುದಿಗಳಲ್ಲಿರುವ ಪುಟ್ಟ ಪ್ಲಾಸ್ಟಿಕ್ ನಾಲಿಗೆಗಳನ್ನು ಮುರಿದುಬಿಡುವುದು. ಅವು ಇಲ್ಲದಿದ್ದರೆ ಯಂತ್ರದ ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ, ಕೈತಪ್ಪಿ ಅಜ್ಜಿಯ ಹಾಡಿನ ಮೇಲೆ ಇನ್ನೇನೋ ಮುದ್ರಣವಾಗುವ ಅಪಾಯ ತಪ್ಪುತ್ತದೆ. ಆಮೇಲೆ ಕ್ಯಾಸೆಟ್ಟಿನ ಕಿಟಕಿಯ ಮೂಲಕ ಟೇಪಿನ ಸುರುಳಿಯನ್ನು ನೋಡಿ. ಅಂಚು ಕಂದು ಬಣ್ಣದಲ್ಲಿ ನುಣ್ಣಗಿದ್ದರೆ ಒಳ್ಳೆಯದು. ರಾಗಿ ಹಿಟ್ಟು ಉದುರಿಸಿದಂತೆ ಬಿಳಿ ಅಥವಾ ಬೂದು ಪುಡಿ ಕಂಡರೆ ಅದು ಬೂಷ್ಟು. ವಿಶ್ವೇಶ್ವರಯ್ಯ ನಾಲೆಯ ಬಯಲಿನ ನಿಮ್ಮ ಕಡೆಯ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ಇದು ಸಾಮಾನ್ಯ. ಬೂಷ್ಟು ಹಿಡಿದದ್ದನ್ನು ಯಂತ್ರಕ್ಕೆ ಹಾಕಬೇಡಿ, ಅದು ಯಂತ್ರಕ್ಕೂ, ಅದರಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಅಂಥವನ್ನು ಬೇರೆ ಡಬ್ಬಿಯಲ್ಲಿಟ್ಟು ಅನುಭವಸ್ಥರ ಕೈಗೆ ಕೊಡಿ. ಬಿಸಿಲಿಗೆ ಒಣಹಾಕುವುದಂತೂ ಕೂಡದು. ಇನ್ನು ಟೇಪಿನ ಹಿಂದೆ, ತೆಳು ತಾಮ್ರದ ಪಟ್ಟಿಯ ಮೇಲೆ ಕೂತಿರುವ ಚಿಕ್ಕ ಮೆತ್ತೆಯನ್ನು ನೋಡಿ. ಹಳೆಯ ಅಂಟು ಬಿಟ್ಟು ಅದು ಉದುರಿಹೋಗಿದ್ದರೆ ಟೇಪು ಯಂತ್ರದ ಹೆಡ್ಡಿಗೆ (ಟೇಪಿನಿಂದ ದನಿ ಓದುವ ಭಾಗ) ಒತ್ತುವುದಿಲ್ಲ, ದನಿ ದೂರದಿಂದ ಬಂದಂತೆ ಮಂಕಾಗುತ್ತದೆ. ಹಾಡು ಹಾಳಾಗಿದೆ ಎಂದು ಎಷ್ಟೋ ಜನ ಎಸೆಯುವ ಕ್ಯಾಸೆಟ್ಟುಗಳಲ್ಲಿ ಹಾಳಾಗಿರುವುದು ಈ ಮೆತ್ತೆ ಮಾತ್ರ. ಬೇರೊಂದು ಖಾಲಿ ಕ್ಯಾಸೆಟ್ಟಿನ ಕವಚಕ್ಕೆ ಸುರುಳಿಯನ್ನು ವರ್ಗಾಯಿಸಿದರೆ ದನಿ ಮರಳಿ ಬರುತ್ತದೆ.

ಯಂತ್ರದ ಆಯ್ಕೆಯಲ್ಲಿ ಹೊಸದಕ್ಕೆ ಮರುಳಾಗಬೇಡಿ. ಈಗ ಮತ್ತೆ ಮಾರುಕಟ್ಟೆಗೆ ಬಂದಿರುವ ಕೈಯಲ್ಲಿ ಹಿಡಿಯುವ ಪ್ಲೇಯರುಗಳ ಒಳಗಿರುವುದು ಬಹುತೇಕ ಅಗ್ಗದ ಯಂತ್ರಾಂಗ. ವೇಗ ತೂಗಾಡುತ್ತದೆ, ಶ್ರುತಿ ಅಲುಗುತ್ತದೆ. ಹಳೆಯ, ಒಳ್ಳೆಯ ಕ್ಯಾಸೆಟ್ ಡೆಕ್ ಒಂದಕ್ಕೆ ಹೊಸ ರಬ್ಬರ್ ಬೆಲ್ಟ್ ಹಾಕಿಸಿ, ಹೆಡ್ಡನ್ನು ಶುಚಿ ಮಾಡಿಸಿ ಬಳಸುವುದು ಮೇಲು. ಹಾಗೆ ಬಳಸುವಾಗ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ಬಹಳ ಮುಖ್ಯ. ನಿಮ್ಮ ತಾತನ ರೆಕಾರ್ಡರಿನ ಹೆಡ್ಡು ಕೂದಲೆಳೆಯಷ್ಟು ಓರೆಯಾಗಿದ್ದಿರಬಹುದು. ಮುದ್ರಣವೂ ಅಷ್ಟೇ ಓರೆಯಾಗಿರುತ್ತದೆ, ನೆಟ್ಟಗಿರುವ ಬೇರೆ ಹೆಡ್ಡಿಗೆ ಅದು ಮಂಕಾಗಿ ಕೇಳಿಸುತ್ತದೆ. ಹಾಡು ಓಡುತ್ತಿರುವಾಗಲೇ ಆ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಅತ್ತಿತ್ತ ತಿರುಗಿಸುತ್ತ, ಸೋಬಾನೆಯ ‘ಸೋ’ ಅಕ್ಷರಕ್ಕೆ ಕಿವಿಗೊಡಿ. ಒಂದು ಜಾಗದಲ್ಲಿ ಪರದೆ ಸರಿಸಿದಂತೆ ಸಕಾರ ಚುರುಕಾಗುತ್ತದೆ, ಬಳೆಯ ಸದ್ದು ಕೇಳಿಸುತ್ತದೆ. ಅಲ್ಲಿಗೆ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಹೊಸದಾಗಿ ಮಾಡಬೇಕು.

ಕಂಪ್ಯೂಟರಿಗೆ ಇಳಿಸುವಾಗ ಲ್ಯಾಪ್‌ಟಾಪಿನ ಮೈಕ್ ತೂತಿಗೆ ವೈರು ಸಿಕ್ಕಿಸುವುದು ಬೇಡ. ಯುಎಸ್‌ಬಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ (ಧ್ವನಿಯನ್ನು ಡಿಜಿಟಲ್ ಮಾಡಿ ಕಂಪ್ಯೂಟರಿಗೆ ಕೊಡುವ ಸಾಧನ) ಬಳಸಿ, 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ವೇವ್ ಫೈಲಾಗಿ ಉಳಿಸಿ. ಒಂದು ಗಂಟೆಯ ಕ್ಯಾಸೆಟ್ಟು ಸುಮಾರು 2 ಜಿಬಿ ಜಾಗ ಹಿಡಿಯುತ್ತದೆ, ಇಂದಿನ ಡಿಸ್ಕುಗಳಲ್ಲಿ ಅದು ದೊಡ್ಡದಲ್ಲ. ವಾಟ್ಸ್‌ಆ್ಯಪಿನಲ್ಲಿ ಹಂಚಲು ಎಂಪಿ3 ಮಾಡಿಕೊಳ್ಳಿ, ಆದರೆ ಅದನ್ನೇ ಮೂಲವೆಂದು ಇಟ್ಟುಕೊಳ್ಳಬೇಡಿ. ಎರಡು ಬೇರೆ ಬೇರೆ ಮನೆಗಳಲ್ಲಿ, ಎರಡು ಡಿಸ್ಕುಗಳಲ್ಲಿ ಪ್ರತಿ ಇರಲಿ, ಇಳಿಸಿದ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ.

ಟೇಪಿನ ಹಿಂದೆ ಕೇಳಿಸುವ ಹಿಸ್ ಎನ್ನುವ ಸದ್ದನ್ನು ತೆಗೆದು ಶುಚಿ ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಹಲವು ವರ್ಷಗಳ ಹಿಂದೆ ನನ್ನ ತಂದೆಯವರು ಹಾಡಿದ್ದ ದೇವರನಾಮಗಳ ಏಕಮಾತ್ರ ಕ್ಯಾಸೆಟ್ಟನ್ನು ನಾನು ಅಂಥ ಒಂದು ಕಡೆ ಕೊಟ್ಟಿದ್ದೆ. ಫೈಲು ಬಂದಾಗ ಹಿಸ್ ಇರಲಿಲ್ಲ, ಅದರ ಜೊತೆಗೆ ತಂಬೂರಿಯೂ ಇರಲಿಲ್ಲ. ಸತತವಾಗಿ ಒಂದೇ ಸಮನೆ ಕೇಳಿಸುವುದೆಲ್ಲ ಕಸವೆಂದು ಬಗೆಯುವ ಆ ತಂತ್ರಾಂಶಕ್ಕೆ ತಂಬೂರಿಯ ನಾದವೂ ಕಸವಾಗಿ ಕಂಡಿತ್ತು. ಶ್ರುತಿಯಿಲ್ಲದ ಶೂನ್ಯದಲ್ಲಿ ನಿಂತು ಹಾಡಿದಂತಿತ್ತು ತಂದೆಯವರ ದನಿ. ಮೂಲ ಕ್ಯಾಸೆಟ್ಟು ಅಲ್ಲಿ ಕಳೆದುಹೋಗಿತ್ತು, ಇಂದಿಗೂ ನನ್ನ ಬಳಿ ಇರುವುದು ಆ ಫೈಲು ಮಾತ್ರ. ಆದ್ದರಿಂದ ಏನೂ ತೆಗೆಯದ, ಏನೂ ಸೇರಿಸದ ಮೊದಲ ಪ್ರತಿಯನ್ನು ಹಾಗೆಯೇ ಇಡಿ. ಸವರುವುದೇನಿದ್ದರೂ ಅದರ ನಕಲಿನ ಮೇಲೆ ಮಾಡಿಸಿ. ಹಿಂದೆ ಕೇಳಿಸುವ ಕೋಳಿಯ ಕೂಗು, ಮಕ್ಕಳ ಗದ್ದಲ, ಯಾರೋ ಕೆಮ್ಮಿದ್ದು ಇವೆಲ್ಲ ಆ ಮನೆಯ ಅಂದಿನ ಹೊತ್ತೇ ಆಗಿರುತ್ತವೆ.

ಕೊನೆಯದಾಗಿ ಹೆಸರುಗಳ ವಿಷಯ. 1902ರಲ್ಲಿ ಕಲ್ಕತ್ತೆಯಲ್ಲಿ ಹೆಸರಾಂತ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮೊದಲು ಪ್ಲೇಟಿಗೆ ಮುದ್ರಿಸಿದಾಗ, ಪ್ರತಿ ಹಾಡಿನ ತುದಿಯಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಆ ಅಚ್ಚುಗಳು ಜರ್ಮನಿಗೆ ಹೋಗಿ ಅಲ್ಲಿ ಪ್ಲೇಟಾಗಿ ಬರಬೇಕಿತ್ತು, ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಈ ಏರ್ಪಾಡು. ಆ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಇಲ್ಲಿಯೇ ಕಣ್ಣುಮುಚ್ಚಿದರು. ನಿಮ್ಮ ಕ್ಯಾಸೆಟ್ಟುಗಳಲ್ಲಿ ಹಾಗೆ ಹೆಸರು ಹೇಳಿದವರು ಯಾರೂ ಇರಲಾರರು. ನಿಮ್ಮಜ್ಜಿಯ ದನಿ ನಿಮಗೆ ಗುರುತು ಸಿಗಬಹುದು. ಜೊತೆಗೆ ಸೊಲ್ಲು ಎತ್ತಿದವರು ಯಾರು, ಯಾರ ಮದುವೆಯ ಚಪ್ಪರ ಅದು, ಯಾವ ಪದ ಅರಿಶಿನ ಹಚ್ಚುವಾಗಿನದು, ಯಾವುದು ಧಾರೆಯದು ಎಂಬುದನ್ನು ಹೇಳಬಲ್ಲವರು ಊರಿನಲ್ಲಿ ಇನ್ನು ಒಬ್ಬಿಬ್ಬರು ಹಿರಿಯ ಹೆಂಗಸರು ಇರಬಹುದು. ಅವರನ್ನು ಒಂದು ಮಧ್ಯಾಹ್ನ ಮನೆಗೆ ಕರೆಸಿ, ಇಳಿಸಿಕೊಂಡ ಹಾಡುಗಳನ್ನು ಕೇಳಿಸಿ, ಅವರು ಹೇಳುವುದನ್ನು ಮಗನ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಡಬ್ಬಿಯಲ್ಲಿರುವ ಎಲ್ಲವೂ ಇಳಿಯುವವರೆಗೆ ಕಾಯಬೇಡಿ, ಮೊದಲ ಕ್ಯಾಸೆಟ್ಟು ಮುಗಿದ ವಾರವೇ ಕರೆಸಿ.